ನಾಲ್ಕನೆಯ ತಟ್ಟೆ ಯಾರದು

ಮಕ್ಕಳಿಗೆ ಬರೆಯುವವನಿಗೆ ವಿಮರ್ಶಕರ ಕಾಟವಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಈ ಕಸುಬಿಗೆ ಇಳಿದೆ. ದೊಡ್ಡವರ ಪುಸ್ತಕವಾದರೆ ಓದದೆಯೇ ಹೊಗಳುವವರು ಸಿಗುತ್ತಾರೆ. ಮಕ್ಕಳು ಓದಿಬಿಡುತ್ತಾರೆ, ಅದೂ ಮತ್ತೆ ಮತ್ತೆ. ನನ್ನ ಪತ್ತೇದಾರಿ ಹುಡುಗಿಯ ಸರಣಿಯಲ್ಲಿ ಕಳ್ಳರೆಲ್ಲ ಶಿಸ್ತಾಗಿ ಸಿಕ್ಕಿಬಿದ್ದಿದ್ದಾರೆ. ಆ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಮೊದಲ ಪುಸ್ತಕದ ಬಿಳಿ ಮೇಕೆ ಮೂರನೆಯದರಲ್ಲಿ ಕಪ್ಪಾದದ್ದು ಹೇಗೆ? ಪೋಸ್ಟ್‌ಮ್ಯಾನ್ ಮಳೆಯಲ್ಲೂ ಕೊಡೆ ಬಿಚ್ಚುವುದಿಲ್ಲವೇಕೆ? ಹುಡುಗಿ, ಅವಳ ಅವ್ವ, ತಾತ ಮೂವರೇ ಇರುವ ಮನೆಯಲ್ಲಿ ಊಟಕ್ಕೆ ದಿನಾ ನಾಲ್ಕು ತಟ್ಟೆ ಏಕೆ?

ಮೇಕೆ, ಕೊಡೆಗಳಿಗೆ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದೆ. ತಟ್ಟೆಯ ಗುಟ್ಟು ಮಾತ್ರ ಹೇಳುವಂತಿರಲಿಲ್ಲ. ಅದನ್ನು ಇಟ್ಟವನು ನಾನಲ್ಲ, ಚಿತ್ರಕಾರ. ಮೂರೇ ತಟ್ಟೆ ಬರೆದರೆ ಪುಟದ ಮೂಲೆ ಬೋಳಾಗಿ ಕಾಣುತ್ತಿತ್ತು ಎಂದು ಆತ ಫೋನಿನಲ್ಲಿ ಹೇಳಿದ. ನೋಡಲು ಚೆನ್ನಾಗಿತ್ತು, ಮುಂದಿನ ಪುಸ್ತಕಗಳಲ್ಲಿ ನಾನೂ ತಟ್ಟೆಯನ್ನು ಬರೆಯುತ್ತ ಹೋದೆ. ಒಬ್ಬ ಪ್ರೊಫೆಸರು ಅದನ್ನು ಅರ್ಥಗರ್ಭಿತ ಮೌನ ಎಂದು ಹೊಗಳಿದರು. ಬಂದ ಭಾಗ್ಯವನ್ನು ಬೇಡವೆನ್ನಬಾರದೆಂದು ಸುಮ್ಮನಿದ್ದೆ.

ಹೋದ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ತಿ. ನರಸೀಪುರದ ಲೈಬ್ರರಿಯಲ್ಲಿ ಮಕ್ಕಳೊಂದಿಗೆ ಮಾತುಕತೆ ಇಟ್ಟಿದ್ದರು. ನಂಜನಗೂಡಿನಿಂದ ಬಸ್ ಹತ್ತಿ, ಗಣ್ಯನ ಮುಖ ಮಾಡಿಕೊಂಡು ಹೋದೆ. ಹೋದರೆ ಮಕ್ಕಳು ನನ್ನನ್ನು ಕೇಳುವ ಗೋಜಿಗೇ ಹೋಗದೆ ತಾವೇ ತೀರ್ಪು ಕೊಡುತ್ತಿದ್ದರು. ನಾಲ್ಕನೆಯದು ಸತ್ತವರಿಗೆ ಇಡುವ ಎಡೆ ಎಂದು ಬಹುಮತವಾಯಿತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ, ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿ, ಬಾಗಿಲು ಮುಂದಕ್ಕೆಳೆದು, ಅವರು ಉಂಡು ಹೋಗಲೆಂದು ಹೊರಗೆ ಕಾಯುತ್ತೇವೆ. ಹುಡುಗರಿಗೆ ತಟ್ಟೆ ಎಂದರೆ ಅದೇ ಹೊಳೆದಿತ್ತು.

ಒಬ್ಬಳು ಹುಡುಗಿ ಮಾತ್ರ ಒಪ್ಪಲಿಲ್ಲ. ಎದ್ದು ನಿಂತು, “ಎಡೆ ದಿನಾ ಮಡಗಾಕಿಲ್ಲ ಸಾ. ದಿನಾ ತಟ್ಟೆ ಮಡಗುದ್ರೆ ಅವ್ರು ಬದುಕವ್ರೆ ಅಂತ,” ಎಂದಳು. ನಾನು ಮುಗುಳ್ನಕ್ಕು, ಎಲ್ಲ ಮುಂದಿನ ಪುಸ್ತಕದಲ್ಲಿ ಗೊತ್ತಾಗುತ್ತದೆ ಎಂದೆ. ಸಿಕ್ಕಿಹಾಕಿಕೊಂಡಾಗಲೆಲ್ಲ ನನ್ನನ್ನು ಕಾಯುತ್ತಿದ್ದ ಉತ್ತರ ಅದು.

“ಅಮಾಸೆಗೆ ಮುಂಚೆ ಬತ್ತದಾ ಸಾ?”

ನಗುವ ಮಾತೆಂದುಕೊಂಡು ನಕ್ಕೆ. ಬೇರೆ ಯಾರೂ ನಗಲಿಲ್ಲ. ಲೈಬ್ರರಿಯ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಆ ಹುಡುಗಿಯ ಅಪ್ಪ ಲಾರಿಯಲ್ಲಿ ಹೋದವರು ವರ್ಷಗಳಾದರೂ ತಿರುಗಿ ಬಂದಿಲ್ಲ, ಸುದ್ದಿಯೂ ಇಲ್ಲ. ಅವ್ವ ಈಗಲೂ ಗಂಡನ ತಟ್ಟೆ ಇಡುತ್ತಾಳೆ. ಈ ಅಮಾವಾಸ್ಯೆಗೆ ಮಗನ ಹೆಸರಲ್ಲಿ ಎಡೆ ಇಟ್ಟುಬಿಡೋಣ, ಎಷ್ಟು ದಿನ ಅಂತ ಹೀಗೆ ಎಂದು ತಾತ ಹಟ ಹಿಡಿದಿದ್ದಾರೆ. ಎಡೆ ಇಟ್ಟರೆ ಮುಗಿಯಿತು. ಆ ಮನುಷ್ಯ ಸತ್ತವರ ಲೆಕ್ಕಕ್ಕೆ ಸೇರಿದ.

ನನಗೆ ನಾಚಿಕೆಯಾಯಿತು. ಪುಟದ ಮೂಲೆ ತುಂಬಿಸಲು ಬಂದ ತಟ್ಟೆ ಅದು. ವಾಪಸ್ಸು ಬಂದು, ಅವಳು ಹೇಳಿದ್ದೇ ಸರಿ, ನಾಲ್ಕನೆಯವರು ಬದುಕಿದ್ದಾರೆ ಎಂದು ಎಲ್ಲರೆದುರು ಘೋಷಿಸಿದೆ. ಅವಳು ಪುಸ್ತಕ ಚಾಚಿ, ಬರೆದು ಸೈನ್ ಹಾಕಿಕೊಡಿ, ತಾತ ಬಾಯಿಮಾತು ಒಪ್ಪುವುದಿಲ್ಲ ಎಂದಳು. ತಾಲ್ಲೂಕು ಕಚೇರಿಗೆ ಅಲೆದು ಬುದ್ಧಿ ಕಲಿತ ಮನೆತನವಿರಬೇಕು. “ಬದುಕಿದ್ದಾರೆ” ಎಂದು ಬರೆದು ಸಹಿ ಮಾಡಿದೆ. ನನ್ನ ಬರಹಕ್ಕೆ ಅಷ್ಟು ತೂಕ ಸಿಕ್ಕಿದ್ದು ಅದೇ ಮೊದಲು ಎಂಬ ಹೆಮ್ಮೆ ಬಸ್ಸಿನುದ್ದಕ್ಕೂ ಇತ್ತು.

ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಮನೆಯ ಮುಂದೆ ಒಬ್ಬ ಮುದುಕರು ಬಂದು ನಿಂತರು. ಚಪ್ಪಲಿ ಕೆಳಗೇ ಬಿಟ್ಟರು. ಒಳಗೆ ಕರೆದರೂ ಜಗಲಿಯ ಅಂಚಿನಲ್ಲೇ ಕುಳಿತು, ತಾವು ಆ ಹುಡುಗಿಯ ತಾತ, ಲೈಬ್ರರಿಯಲ್ಲಿ ವಿಳಾಸ ಕೇಳಿಕೊಂಡು ಬಂದದ್ದು ಎಂದರು. ಹಬ್ಬದಲ್ಲಿ ತಮ್ಮ ಅಪ್ಪನಿಗೆ, ಅವ್ವನಿಗೆ ಎಡೆ ಇಟ್ಟರಂತೆ. ಮಗನಿಗೆ ಇಡಲಿಲ್ಲವಂತೆ. ಹಟವಾದಿ ಮುದುಕನನ್ನು ಸೋಲಿಸಿದೆನಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವರು ಕೈಚೀಲದಿಂದ ಪುಸ್ತಕ ತೆಗೆದು, ನನ್ನ ಸಹಿಯಿದ್ದ ಪುಟವನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರು.

“ಬದುಕವ್ನೆ ಅಂತ ಬರ್ದಿದ್ದೀರಲ್ಲ ಸಾ. ಯಾವೂರಲ್ಲಿ ನೋಡುದ್ರಿ?”

ಬೀಗಿದ್ದೆಲ್ಲ ಇಳಿದುಹೋಯಿತು. ಅದು ಕತೆಯ ಮಾತು, ನಿಮ್ಮ ಮಗನನ್ನು ನಾನು ನೋಡಿಲ್ಲ, ನೋಡಿದರೂ ಗುರುತು ಸಿಗುವುದಿಲ್ಲ ಎಂದು ತಡವರಿಸಿದೆ. ಅವರು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಎದ್ದರು.

“ಕತೆ ಅಂತ ಗೊತ್ತು ಸಾ,” ಎಂದರು. “ಆದ್ರೂ ಒಂದ್ ಮಾತು ಕೇಳ್ಬುಟ್ಟು ಓಗವಾ ಅಂತ ಬಂದೆ.”