ಇಸಾಕ್ ಸಾಹೇಬರ ಎಡಗಾಲಿನ ಪೆಡಲ್

ನರಸಿಂಹರಾಜಪುರದ ಪೇಟೆಯಲ್ಲಿ ಬೆಳಗಿನ ಬನ್ನು, ಬ್ರೆಡ್ಡು, ರಸ್ಕು ಮಾರುವ ಇಸಾಕ್ ಸಾಹೇಬರು ಯಾರ ಮನೆಗೆ ಹೋದರೂ ಮೊದಲು ಪ್ಯಾಂಟಿನ ಎರಡು ಜೇಬಿನಿಂದ ಎರಡು ಸೈಕಲ್ ಪೆಡಲ್ ತೆಗೆದು ಮುಂದಿಟ್ಟುಕೊಂಡು ಆಮೇಲೆ ಕೂರುತ್ತಾರೆ. ಹಿಂದಿನ ವೀರರು ಸೊಂಟದ ಕತ್ತಿ ಬಿಚ್ಚಿಟ್ಟು ಎಲೆಯ ಮುಂದೆ ಕೂರುತ್ತಿದ್ದರಂತಲ್ಲ, ಹಾಗೆ. ಹೊಸಬರು ಗಾಬರಿಯಾಗುತ್ತಾರೆ. ಹಳಬರು ಮೊದಲೇ ಒಂದು ಪೇಪರ್ ಹಾಸಿರುತ್ತಾರೆ, ಇಲ್ಲದಿದ್ದರೆ ಗ್ರೀಸ್ ಅಂಟುತ್ತದೆ.

ಈ ಶಸ್ತ್ರಧಾರಣೆಗೆ ಕಾರಣವಿದೆ. ಸಾಹೇಬರ ಹಳೆಯ ಪ್ಲಾಸ್ಟಿಕ್ ಪೆಡಲ್ ಒಡೆದು ಬರೀ ಕಂಬಿ ಉಳಿದಿತ್ತು. ಅದನ್ನೇ ತುಳಿಯುತ್ತ, ಕಾಲು ಜಾರಿದಾಗಲೆಲ್ಲ ಮೂಳೆಗೆ ಹೊಡೆಸಿಕೊಳ್ಳುತ್ತ, ಕೊನೆಗೆ ಸೈಕಲ್ ಶಾಪಿನ ಅಮ್ಜದನಲ್ಲಿ ಗಟ್ಟಿ ಕಬ್ಬಿಣದ ಹೊಸ ಜೋಡಿ ಹಾಕಿಸಿದರು. ಆ ಖುಷಿಯಲ್ಲೇ ಸಂತೆಗೆ ಹೋಗಿ, ಸೈಕಲ್ಲನ್ನು ಗೋಡೆಗೊರಗಿಸಿ, ಒಣಮೀನು ಕೊಂಡು ಬರುವಷ್ಟರಲ್ಲಿ ಎರಡೂ ಪೆಡಲ್ ಮಾಯ. ಬೆಲ್ಲು ಇತ್ತು, ಸೀಟಿತ್ತು, ಕ್ಯಾರಿಯರ್ ಮೇಲೆ ಪೆಟ್ಟಿಗೆಯೂ ಇತ್ತು. ಪೆಟ್ಟಿಗೆಯೊಳಗಿನ ಒಂದು ಬನ್ನನ್ನೂ ಕಳ್ಳ ಮುಟ್ಟಿರಲಿಲ್ಲ. ಪೆಡಲ್ ಹೋದದ್ದಕ್ಕಿಂತ ಇದೇ ಅವರಿಗೆ ಹೆಚ್ಚು ಉರಿಯಿತು.

ಮತ್ತೊಂದು ಜೋಡಿ ಹಾಕಿಸಿದರು. ಅಂದಿನಿಂದ ಸೈಕಲ್ ನಿಲ್ಲಿಸಿದಲ್ಲೆಲ್ಲ ಸ್ಪ್ಯಾನರ್ ಹೊರಗೆ ಬಂತು. ಬಲಗಡೆಯದು ಒಂದು ದಿಕ್ಕಿಗೆ ತಿರುಗಿ ಬಿಚ್ಚಿದರೆ ಎಡಗಡೆಯದು ಅದರ ತದ್ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ. ಸಾಹೇಬರು ಇವೆರಡನ್ನೂ ಕಣ್ಣು ಮುಚ್ಚಿ ಮಾಡುತ್ತಿದ್ದರು. ಚಹಾ ಕುಡಿಯುವುದಕ್ಕಿಂತ ಚಹಾಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮದುವೆ ಮನೆಯ ಫೋಟೋಗಳಲ್ಲಿ ಅವರ ಎರಡೂ ತೊಡೆ ಊದಿಕೊಂಡಿರುತ್ತಿತ್ತು. ಅವರ ಹೆಂಡತಿ ಫಕ್ರುನ್ನೀಸಾ ಬೇಸತ್ತು ಜೇಬುಗಳಿಗೆ ಹಳೆ ಜೀನ್ಸ್ ಬಟ್ಟೆಯ ಒಳಪದರ ಹೊಲಿದುಕೊಟ್ಟರು.

ಅಮ್ಜದ್ ಎಚ್ಚರಿಸದೆ ಇರಲಿಲ್ಲ. ಒಂದು ಚೈನು ಹಾಕಿ ಬೀಗ ಜಡಿಯಿರಿ, ದಿನವಿಡೀ ಬಿಚ್ಚಿ ಹಾಕಿದರೆ ಪೆಡಲ್ ಕೂರುವ ತೂತಿನ ಥ್ರೆಡ್ಡು ಸವೆದುಹೋಗುತ್ತದೆ ಎಂದ.

"ಬೀಗ ಸೈಕಲ್ ಕಾಯ್ತದೆ ಮಾರಾಯ," ಎಂದರು ಸಾಹೇಬರು. "ಪೆಡಲ್ ಯಾರು ಕಾಯೋದು?"

ಇಂಥ ಸಾಹೇಬರಿಗೆ ಭೂಮಿಯ ಮೇಲೆ ಒಬ್ಬನೇ ವೈರಿ: ಕೊಪ್ಪದ ಕಡೆಯ ಹಿರೇಕೊಡಿಗೆಯ ದೇವಪ್ಪನವರು. ರಾಜ್ಯೋತ್ಸವದ ದಿನ ನಮ್ಮೂರ ಮೈದಾನದಲ್ಲಿ ನಿಧಾನ ಸೈಕಲ್ ಸ್ಪರ್ಧೆ ನಡೆಯುತ್ತದೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದ ಹಾಗೆ. ದೇವಪ್ಪನವರು ಪ್ರತಿ ವರ್ಷ ಬಸ್ಸಿನ ಟಾಪಿನಲ್ಲಿ ಸೈಕಲ್ ಏರಿಸಿಕೊಂಡು ದಂಡೆತ್ತಿ ಬರುತ್ತಿದ್ದರು, ಬಹುಮಾನ ಎತ್ತಿಕೊಂಡು ಹೋಗುತ್ತಿದ್ದರು. ಗದ್ದೆಯ ಅಂಚಿನ ಮೇಲೆ ಸೈಕಲ್ ಹೊಡೆದು ಪಳಗಿದ ಮನುಷ್ಯ. ಅದಿಲ್ಲದಿದ್ದರೂ ಹುಟ್ಟಾ ನಿಧಾನ. ನಮಸ್ಕಾರ ಹೇಳಿದರೆ ನಾವು ತಿರುವು ದಾಟಿದ ಮೇಲೆ ತಿರುಗಿ ನಮಸ್ಕಾರ ಬರುತ್ತಿತ್ತು.

ಎರಡನೇ ಸ್ಥಾನ ಯಾವಾಗಲೂ ಇಸಾಕ್ ಸಾಹೇಬರದು. ಈ ಸಲ ಅವರು ಚಹಾದಂಗಡಿಯಲ್ಲಿ ಎಲ್ಲರೆದುರು ಪ್ರತಿಜ್ಞೆ ಮಾಡಿಬಿಟ್ಟರು. ಈ ವರ್ಷದ ಬಹುಮಾನದ ಕುಕ್ಕರ್ ಕೂಡ ಕೊಪ್ಪಕ್ಕೆ ಹೋದರೆ ಸೈಕಲ್ ಮಾರಿ ಸ್ಕೂಟಿ ಕೊಳ್ಳುವುದು. ಊರಿಗೆ ಊರೇ ತಳಮಳಿಸಿತು. ಸ್ಕೂಟಿಯ ಮೇಲೆ ಇಸಾಕ್ ಸಾಹೇಬರು ಎಂದರೆ ಆನೆಗೆ ಚಪ್ಪಲಿ ತೊಡಿಸಿದ ಹಾಗೆ. ಪ್ರತಿಜ್ಞೆ ಮಾಡಿ ಮನೆಗೆ ಹೋದ ಸಾಹೇಬರಿಗೆ ಊಟ ಸೇರಲಿಲ್ಲವಂತೆ.

ಸ್ಪರ್ಧೆಯ ದಿನ ಮೈದಾನದ ಬಾಗಿಲಲ್ಲಿ ಒಂದು ಚಹಾ ಕುಡಿದರು. ಕುಡಿಯುವ ಮೊದಲು, ಪದ್ಧತಿಯಂತೆ, ಪೆಡಲ್ ಬಿಚ್ಚಿದರು. ಕುಡಿದು ಬಂದು ಹಾಕಿದರೆ ಎಡಗಡೆಯದು ಕೂರುತ್ತಿಲ್ಲ. ಎಷ್ಟು ತಿರುಗಿಸಿದರೂ ಬರೀ ಸುತ್ತುತ್ತದೆ. ಅಮ್ಜದ್ ಹೇಳಿದ್ದ ಥ್ರೆಡ್ಡು ಅಂದೇ, ಆ ಗಳಿಗೆಯಲ್ಲೇ, ಪ್ರಾಣ ಬಿಟ್ಟಿತ್ತು. ಅಮ್ಜದ್ ಓಡಿಬಂದು ನೂಲು ಸುತ್ತಿ, ತಗಡಿನ ಚೂರು ತುರುಕಿ, ಬಿಗಿದು, ಇನ್ನು ದೇವರಿದ್ದಾನೆ ಎಂದು ಕೈ ಒರೆಸಿಕೊಂಡ.

ಸೀಟಿ ಊದಿದರು. ಹುಡುಗರೆಲ್ಲ ಅಕ್ಕಿ ಕಾಳಿನಂತೆ ಆಚೀಚೆ ಉದುರಿದರು. ಸುಣ್ಣದ ಗೆರೆಗಳ ನಡುವೆ ಉಳಿದವರು ಇಬ್ಬರೇ. ಇಬ್ಬರೂ ಹೋಗುತ್ತಿದ್ದಾರೋ ನಿಂತಿದ್ದಾರೋ ತಿಳಿಯದು. ಹ್ಯಾಂಡಲ್ ಇತ್ತ ತುಸು, ಅತ್ತ ತುಸು. ಒಂದು ನಾಯಿ ಇಬ್ಬರ ನಡುವೆ ಬಂದು ಕೂತು, ಮೈ ಕೆರೆದುಕೊಂಡು, ಇಬ್ಬರಿಗಿಂತ ಮುಂಚೆ ಗೆರೆ ದಾಟಿ ಹೋಯಿತು. ನಾವೆಲ್ಲ ಇನ್ನೂ ನಿಧಾನ, ಇನ್ನೂ ನಿಧಾನ ಎಂದು ಕೂಗುತ್ತಿದ್ದೆವು.

ಅರ್ಧ ದಾರಿಯಲ್ಲಿ ಎಡ ಪೆಡಲ್ ಠಣ್ಣೆಂದು ಬಿತ್ತು.

ಸಾಹೇಬರ ಎಡಗಾಲು ನೆಲಕ್ಕೆ ಇಳಿಯುತ್ತ ಇಳಿಯುತ್ತ ಹುಲ್ಲು ತಾಗುವ ಮುನ್ನ ಮೇಲೆ ಬಂದು ಬೋಳು ಕಬ್ಬಿಣವನ್ನು ಅಪ್ಪಿತು. ಕಂಬಿ ತುಳಿದ ಹಳೆಯ ಕಾಲು, ಆ ಕಷ್ಟ ಅದಕ್ಕೆ ಹೊಸದೇನಲ್ಲ. ಸೈಕಲ್ ಬೀಳಲಿಲ್ಲ. ಆದರೆ ಸಾಹೇಬರ ಕುತ್ತಿಗೆ ಹಿಂದಕ್ಕೆ ತಿರುಗತೊಡಗಿತು. ಪೆಡಲ್ ಬಯಲಲ್ಲಿ ಬಿದ್ದಿದೆ. ಊರಿಗೆ ಊರೇ ಸೇರಿದೆ. ಅದರಲ್ಲಿ ಆ ಸಂತೆಯ ಕಳ್ಳನೂ ಇಲ್ಲವೆಂದು ಹೇಳುವವರು ಯಾರು? ಕುತ್ತಿಗೆ ತಿರುಗಿದಷ್ಟೂ ಹ್ಯಾಂಡಲ್ ತಿರುಗಿತು. ಮುಂದಿನ ಗಾಲಿ ಪಕ್ಕದ ಸುಣ್ಣದ ಗೆರೆಯತ್ತ ಸರಿಯಿತು. ಮುಟ್ಟಿದರೆ ಔಟ್. ಸ್ಕೂಟಿ ಕಣ್ಣ ಮುಂದೆ ಬಂತು.

ಆಗ ಹೆಂಗಸರ ಸಾಲಿನಿಂದ ಫಕ್ರುನ್ನೀಸಾ ಎದ್ದರು. ಬುರ್ಖಾ ಎತ್ತಿಹಿಡಿದು ನೇರ ಮೈದಾನಕ್ಕೆ ನುಗ್ಗಿ, ಬಿದ್ದ ಪೆಡಲ್ ಮೇಲೆ ಬಲಗಾಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತರು. ಮನೆಯಲ್ಲಿ ಗಂಡನೊಡನೆ ಉರ್ದುವಿನಲ್ಲೇ ಮಾತು. ಅಂದು ಊರಿಗೂ ಕೇಳಲೆಂದು ಕನ್ನಡದಲ್ಲಿ ಹೇಳಿದರು:

"ಪೆಡಲ್ ನನ್ನ ಕಾಲ ಕೆಳಗಿದೆ. ಎಂತ ಗಡಿಬಿಡಿ ಇಲ್ಲ, ನೀವು ನಿಧಾನ ಬನ್ನಿ."

ಮೈದಾನ ಘೊಳ್ಳೆಂದಿತು. ಸಾಹೇಬರ ಕುತ್ತಿಗೆ ಮುಂದಕ್ಕೆ ಬಂತು, ಗಾಲಿ ಗೆರೆ ಬಿಟ್ಟಿತು. ದೇವಪ್ಪನವರು ಮಾತ್ರ ಕಲ್ಲಿನಂತೆ ಕೂತಿದ್ದರು. ನಗುವೂ ಅವರಿಗೆ ನಿಧಾನವಾಗಿಯೇ ಬರುವುದು. ನಾವೆಲ್ಲ ನಕ್ಕು ಸುಮ್ಮನಾದ ಮೇಲೆ, ಆ ನಿಶ್ಶಬ್ದದಲ್ಲಿ, ಅವರ ಹೊಟ್ಟೆ ಒಮ್ಮೆ ಕುಲುಕಿತು. ಆಮೇಲೆ ಭುಜ, ಆಮೇಲೆ ಹ್ಯಾಂಡಲ್. "ಅಯ್ಯೋ, ನಿಧಾನ ಬನ್ನಿ ಅಂದ್ರಲ್ಲಾ ಈ ಅಮ್ಮ," ಎನ್ನುತ್ತ ಪುಣ್ಯಾತ್ಮರು ಎರಡೂ ಕಾಲು ನೆಲಕ್ಕೂರಿ, ಕಣ್ಣೀರು ಒರೆಸಿಕೊಂಡು ನಕ್ಕರು.

ಆದರೂ ಸಾಹೇಬರು ಕೊನೆಯ ಗೆರೆ ಮುಟ್ಟಲೇಬೇಕು, ನಿಯಮ. ಬಲಗಾಲಲ್ಲಿ ಒತ್ತುವುದು, ಅದೇ ಪಾದದ ಬೆನ್ನಿನಿಂದ ಪೆಡಲ್ ಮೇಲೆತ್ತುವುದು, ಮತ್ತೆ ಒತ್ತುವುದು. ಒಂದೊಂದು ಒತ್ತಿಗೂ ಇಡೀ ಊರು ಒಂದೊಂದು ಕೂಗು ಹಾಕಿತು, ದೇವಪ್ಪನವರು ಎಲ್ಲರಿಗಿಂತ ಜೋರಾಗಿ. ಗಾಲಿ ಗೆರೆ ದಾಟಿತು.

ಸಾಹೇಬರು ಇಳಿಯಲಿಲ್ಲ. ಅದೇ ನಡಿಗೆಯಲ್ಲಿ ಮೈದಾನಕ್ಕೊಂದು ಸುತ್ತು ಹೊರಟರು. ವೇದಿಕೆಯಲ್ಲಿ ಕುಕ್ಕರ್ ಹಿಡಿದು ನಿಂತ ಮುಖ್ಯ ಅತಿಥಿಗಳು ಕಾದು ಕಾದು, ಕೊನೆಗೆ ತಾವೇ ಇಳಿದು ಹೋಗಿ ಅದನ್ನು ಫಕ್ರುನ್ನೀಸಾರ ಕೈಗೆ ಕೊಟ್ಟರು. ಅವರು ಕುಕ್ಕರನ್ನು ಕಂಕುಳಿಗೇರಿಸಿದರೇ ಹೊರತು ಪೆಡಲ್ ಮೇಲಿನ ಕಾಲು ತೆಗೆಯಲಿಲ್ಲ.