ಬಗ್ಗುವುದನ್ನು ಕಲಿಸುವ ಮೇಷ್ಟ್ರು

ಕಚೇರಿ ಕಚೇರಿಗೆ ಹೋಗಿ, ಸಮಯ ಸಂದರ್ಭಕ್ಕೆ ತಕ್ಕಂತೆ ಮನಸ್ಸನ್ನು ಬಗ್ಗಿಸುವುದು ಹೇಗೆಂದು ನೌಕರರಿಗೆ ಕಲಿಸುವುದೇ ನಮ್ಮ ಪಕ್ಕದ ಮನೆ ಮೇಷ್ಟ್ರ ಕಸುಬು. "ಬಗ್ಗಿದವರು ಬೆಳೀತಾರೆ, ಬಿಗಿದುಕೊಂಡವರು ಮುರೀತಾರೆ" ಎಂದು ಅವರು ಮೇಜು ಕುಟ್ಟಿ ಹೇಳಿದರೆ ಆ ಮೇಜೂ ಹೌದೆಂದು ತಲೆಯಾಡಿಸಬೇಕು. ಮನೆಯಲ್ಲಿ ಮಾತ್ರ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಫಿಯ ಬಿಸಿ ಚೂರು ಕಡಿಮೆಯಾದರೆ ಲೋಟ ವಾಪಸ್ಸು. ಅವರು ಪೇಪರ್ ಓದುವಾಗ ಫ್ಯಾನು ಕೂಡ ಉಸಿರೆತ್ತಕೂಡದು. ಕಿಟಕಿ ತೆರೆಯಬೇಕಾದರೂ ಹೆಂಡತಿ ಅವರ ಮುಖ ನೋಡಬೇಕು. ಮೊನ್ನೆ ಮಗಳು ಕೆಲಸ ಮಾಡುವ ಕಚೇರಿಯಲ್ಲೇ ಅವರ ತರಗತಿ ಇತ್ತು. "ನಿಮಗೆ ಗೊತ್ತಿರೋರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಂದಿಕೊಳ್ಳೋರು ಯಾರು?" ಎಂದು ಕೇಳಿದರು. ಮಗಳು ಎದ್ದು ನಿಂತಳು. "ನಮ್ಮಮ್ಮ. ಅಪ್ಪ ಒಂದು ದಿನಾನೂ ಬಗ್ಗಲಿಲ್ಲ. ಅವರ ಪಾಲನ್ನೂ ಸೇರಿಸಿ ಅಮ್ಮನೇ ಬಗ್ಗಿದ್ಲು." ಆಕೆ ಯಾರ ಮಗಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ತರಗತಿಯನ್ನು ಅರ್ಧಕ್ಕೇ ಮುಗಿಸಿ, ಯಾರ ಮುಖವನ್ನೂ ನೋಡಲಾಗದೆ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ರಜಾ ಇದೆ. ಎಲ್ಲಿಗೆ ಹೋಗೋಣ, ನೀನೇ ಹೇಳು" ಎಂದರು. ಹೆಂಡತಿ ಗಾಬರಿಯಿಂದ ಒಲೆ ಆರಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು: "ಯಾಕ್ರೀ, ನನ್ನಿಂದ ಏನಾದ್ರೂ ತಪ್ಪಾಯ್ತಾ?"