ಫೈಲು ಬರೆಯುತ್ತಿದ್ದ ಮೇಡಂ

ರಾಣೆಬೆನ್ನೂರಿನಲ್ಲಿ ದಿಕ್ಕಿಲ್ಲದ ಹುಡುಗಿಯರ ಆಶ್ರಮವೊಂದಕ್ಕೆ ನಾನು ಟೈಪಿಸ್ಟಾಗಿ ಸೇರಿದಾಗ, ಮಕ್ಕಳ ಫೈಲು ನೋಡಿಕೊಳ್ಳುತ್ತಿದ್ದ ಮೇಡಂ ಒಬ್ಬರಿದ್ದರು. ಯಾವ ಹುಡುಗಿ ಮಾತಾಡುವಾಗಲೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಆಮೇಲೆ ಅದನ್ನು ಫೈಲಿನಲ್ಲಿ ಬರೆದು, ಅವಳಿಗೇ ಓದಿ ಹೇಳುತ್ತಿದ್ದರು. ನಾನು ಭಾಷೆ ತಿದ್ದಲು ಹೋದರೆ, "ಆಕಿ ಹೇಳಿದಂಗ ಇರ್ಲಿ ಬಿಡವಾ" ಎನ್ನುತ್ತಿದ್ದರು.

ಮದುವೆ ತಪ್ಪಿಸಿಕೊಂಡು ಬಂದಿದ್ದ ಹದಿನಾಲ್ಕರ ಹುಡುಗಿಯನ್ನು ಕರೆದೊಯ್ಯಲು ಒಂದು ದಿನ ಬ್ಯಾಡಗಿಯಿಂದ ಅವಳ ಕಾಕಾ ಬಂದ.

"ಮದವಿ ಮಾತು ಬಿಟ್ಟೇವ್ರಿ. ಸಾಲಿಗೆ ಕಳಸ್ತೀವಿ."

ಆಶ್ರಮದ ಮುಖ್ಯಸ್ಥರು ನಂಬಿ, ಹುಡುಗಿಯನ್ನು ಕಳಿಸಿಕೊಡುವ ಕಾಗದವನ್ನು ಸಹಿಗೆಂದು ಮೇಡಂ ಮುಂದೆ ತಳ್ಳಿದರು. ಮೇಡಂ ಸಹಿ ಹಾಕಲಿಲ್ಲ. "ಮೊದ್ಲು ಸಮಿತಿ ಮುಂದ ಫೈಲ್ ಓದ್ತೀನ್ರಿ" ಎಂದರು.

ಹಾವೇರಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಎದುರು ನಿಂತು ಓದಿದರು: "ಮೊನ್ನಿ ನೋಡಾಕ ಬಂದಾಗ ಕಾಕಾ, ಮದವಿ ಸೀರಿ ತಂದಿಟ್ಟೇನಿ ಅಂದ. ನನಗ ಸಾಲಿ ಕಲಿಯೂದೈತಿ."

"ಇದು ಈ ಮೇಡಂ ತಾವ ಬರಕೊಂಡದ್ದು!" ಎಂದು ಕಾಕಾ ಕೂಗಿದ.

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ ಎದ್ದು ನಿಂತಳು. "ಅಲ್ರಿ. ನಾ ಹೇಳಿದ್ದು."

ಸಮಿತಿ ಅವಳನ್ನು ಆಶ್ರಮದಲ್ಲೇ ಉಳಿಸಿತು. ಹೊರಗೆ ಬಂದಾಗ ಮೇಡಂ ಹುಡುಗಿಯ ತಲೆ ಸವರಿ, "ನಾಳಿ ಲಗೂ ಏಳು, ಸಾಲಿ ಐತಿ" ಎಂದರು.